ಇದು ಯಾವ ಹಾಡು? ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಾನು ಕಟ್ಟಿದ ನಾಲ್ಕು ವಾದ್ಯ ರಚನೆಗಳ ಬಗ್ಗೆ ಬರೆದಿದ್ದೆ. ಸಾಗರದ ಹತ್ತಿರದ ಹಳ್ಳಿ ನನ್ನದು. ಹಗಲು ಲೆಕ್ಕ ಬರೆಯುವ ಕೆಲಸ, ರಾತ್ರಿ ಊಟ ಆದ ಮೇಲೆ ಸಂಗೀತ. ಚಿಕ್ಕಂದಿನಲ್ಲಿ ಆರು ವರ್ಷ ಪಿಟೀಲು ಕಲಿತದ್ದು ಬಿಟ್ಟರೆ ಬೇರೆ ಪಾಠ ಆಗಿಲ್ಲ. ರಚನೆಗಳನ್ನು ಕೇಳಿ ಹಲವರು ಪತ್ರ ಬರೆದಿದ್ದೀರಿ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: 'ಅಡಿಕೆ ಸುಲಿಯುವ ರಾತ್ರಿ' ಯಾವ ತಾಳದಲ್ಲಿದೆ? ಕೈಯಲ್ಲಿ ತಾಳ ಹಾಕುತ್ತ ಕೇಳಿದೆ, ಮೂರು ಸಲವೂ ತಪ್ಪಿತು. (ಶಿರಸಿಯ ಓದುಗರು)

ತಪ್ಪಿದ್ದು ನಿಮ್ಮದಲ್ಲ. ಅಲ್ಲಿ ಒಂದೇ ತಾಳ ಇಲ್ಲ, ಮೂರಿವೆ.

ಮೊದಲು ಇದನ್ನು ಮಿಶ್ರ ಛಾಪುವಿನಲ್ಲಿ ಕಟ್ಟಿದ್ದೆ. ಮೂರು, ನಾಲ್ಕು, ಒಟ್ಟು ಏಳು. ಕೇಳಲು ಚೆನ್ನಾಗಿಯೇ ಇತ್ತು, ಆದರೆ ಜಗಲಿಯಲ್ಲಿ ಕೂತವರೆಲ್ಲ ಕವಾಯತು ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ನೀವು ಶಿರಸಿಯವರು, ನಿಮಗೆ ಗೊತ್ತೇ ಇದೆ. ಹತ್ತು ಜನ ಅಡಿಕೆ ಸುಲಿಯುವ ಹತ್ತು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಒಬ್ಬರ ಕೈ ಇನ್ನೊಬ್ಬರ ಹಾಗೆ ಓಡುವುದಿಲ್ಲ. ಪಳಗಿದವರ ಕೈ ಸರಸರ ಹೋಗುತ್ತದೆ, ಹೊಸಬರು ಒಂದೊಂದು ಅಡಿಕೆಗೂ ತಡವರಿಸುತ್ತಾರೆ. ಹಾಗಾಗಿ ಹಳೆಯದನ್ನು ಅಳಿಸಿ ಮೂರು ಸಾಲು ಬರೆದೆ. ಒಂದು ಪ್ರತಿ 5 ಎಣಿಕೆಗೆ ತಿರುಗಿ ಬರುತ್ತದೆ, ಇನ್ನೊಂದು 7ಕ್ಕೆ, ಮತ್ತೊಂದು 8ಕ್ಕೆ. ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ಅವು ಮತ್ತೆ ಒಟ್ಟಿಗೆ ಬೀಳುವುದು 280 ಎಣಿಕೆ ಮುಗಿದ ಮೇಲೆಯೇ. ನಿಮಿಷಕ್ಕೆ 120 ಎಣಿಕೆಯ ವೇಗ ಇಟ್ಟಿದ್ದೇನೆ, ಅಂದರೆ 2 ನಿಮಿಷ 20 ಸೆಕೆಂಡಿಗೆ ಒಮ್ಮೆ. ರಚನೆ 4 ನಿಮಿಷ 40 ಸೆಕೆಂಡು ಇದೆ. ಹಾಗಾಗಿ ಮೂವರೂ ಕೂಡುವುದು ಶುರುವಿನಲ್ಲಿ, ಸರಿಯಾಗಿ ನಡುವೆ, ಮತ್ತೆ ಕೊನೆಯಲ್ಲಿ. ನಡುವೆ ಕೂಡಿದಾಗ ಕೇಳುವ ದೊಡ್ಡ ಸದ್ದು ತುಂಬಿದ ಡಬ್ಬವನ್ನು ರಾಶಿಗೆ ಸುರಿದದ್ದು.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಖಾಲಿ ಡಬ್ಬಕ್ಕೆ ಅಡಿಕೆ ಬಿದ್ದರೆ 'ಟಣ್' ಅನ್ನುತ್ತದೆ, ತುಂಬುತ್ತ ಬಂದ ಹಾಗೆ ಸದ್ದು ಮಂಕಾಗುತ್ತದೆ. ಅದಕ್ಕೇ ಶುರುವಿನಲ್ಲಿ ಘಟ, ಅಂದರೆ ಮಣ್ಣಿನ ಮಡಕೆಯ ವಾದ್ಯ ಇದೆ, ಬರುಬರುತ್ತ ಮೃದಂಗದ ಎಡ ಮುಖದ ಮಂಕು ಸದ್ದು ಜಾಸ್ತಿಯಾಗುತ್ತದೆ, ಡಬ್ಬ ಸುರಿದ ತಕ್ಷಣ ಮತ್ತೆ ಘಟ. ಈ ಭಾಗ ನನಗೆ ಈಗಲೂ ತುಂಬ ಇಷ್ಟ.

ಪ್ರಶ್ನೆ: ರಾಗ ಇದೆ, ಭಾವ ಇದೆ. ಸಾಹಿತ್ಯ ಯಾಕೆ ಬರೆದಿಲ್ಲ? ಹಾಡಲು ಆಗುವಂತಿದ್ದರೆ ನಾಲ್ಕು ಜನಕ್ಕೆ ತಲುಪುತ್ತಿತ್ತು. (ಮೈಸೂರಿನ ಓದುಗರು)

ಮೇಡಂ, ಇದನ್ನು ನನ್ನ ಗೆಳೆಯರೂ ಕೇಳುತ್ತಾರೆ. ಹೊಸ ರಚನೆ ಕೇಳಿಸಿದರೆ ಅವರ ಮೊದಲ ಮಾತೇ 'ಇದು ಯಾವ ಹಾಡು?' ಅಂತ. ಅದರಲ್ಲಿ ತಪ್ಪೇನಿಲ್ಲ, ನಮ್ಮ ಕಿವಿ ಬೆಳೆದದ್ದೇ ಹಾಗೆ. ಕಛೇರಿಯಲ್ಲಿ ಪಿಟೀಲು, ಕೊಳಲು, ವೀಣೆ ನುಡಿಸುವವರು ಹೆಚ್ಚಾಗಿ ನುಡಿಸುವುದು ಹಾಡಲೆಂದು ಮಾಡಿದ ಕೃತಿಗಳನ್ನೇ. ಕೇಳುವವರು ಮನಸ್ಸಿನಲ್ಲೇ ಸಾಹಿತ್ಯ ಹಾಡಿಕೊಳ್ಳುತ್ತಾರೆ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡ್‌ನವರು ನುಡಿಸುತ್ತಿದ್ದ ಪಾಶ್ಚಾತ್ಯ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಮಾತು ಕೂಡಿಸಿ ನೋಟು ಸ್ವರಗಳನ್ನು ಮಾಡಿದರು. 'ಸಂತತಂ ಪಾಹಿಮಾಂ' ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲಿದೆ. ಬರೀ ವಾದ್ಯದಲ್ಲಿ ಕೇಳಿಬಂದ ಧಾಟಿಯೂ ನಮ್ಮಲ್ಲಿ ಮಾತು ತೊಟ್ಟುಕೊಂಡಿತು!

ಆದರೆ ಮಾತಿಲ್ಲದೆ ನಿಲ್ಲುವ ಸಂಗೀತವೂ ನಮ್ಮಲ್ಲೇ ಇದೆಯಲ್ವಾ? ವೀಣೆಯ ತಾನ ನೋಡಿ, ಅಂದರೆ ರಾಗವನ್ನು ಲಯಬದ್ಧವಾಗಿ ಮೀಟುತ್ತ ಬೆಳೆಸುವುದು. ಅದಕ್ಕೆ ಅರ್ಥದ ಹಂಗಿಲ್ಲ, ತಾಳದ ಕಟ್ಟೂ ಇಲ್ಲ, ಆದರೂ ಒಳಗೊಂದು ನಡೆ ಓಡುತ್ತಿರುತ್ತದೆ. ಹಾಡುವವರೇ 'ಆನಂತಂ ತಾನಂತ' ಎನ್ನುತ್ತ ಗಂಟಲನ್ನು ವೀಣೆಯ ಹಾಗೆ ಮಾಡಿಕೊಳ್ಳುತ್ತಾರೆ. ಹಿಂದೂಸ್ತಾನಿ ಸಿತಾರದ ಮಸೀತ್‌ಖಾನಿ ಗತ್ತು (ವಾದ್ಯಕ್ಕೆಂದೇ ಕಟ್ಟಿದ ನಿಧಾನ ಗತಿಯ ರಚನೆ) ಹದಿನಾರು ಮಾತ್ರೆಯ, ಅಂದರೆ ಎಣಿಕೆಯ, ತೀನ್‌ತಾಲದಲ್ಲಿ ಹನ್ನೆರಡನೇ ಮಾತ್ರೆಯಿಂದ ಎದ್ದು 'ದಿರ್ ದಾ ದಿರ್ ದಾ ರಾ' ಎಂದು ಐದು ಹೆಜ್ಜೆ ಹಾಕಿ ಸಮ್‌ಗೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬೀಳುತ್ತದೆ. ಆ ದಿರ್, ದಾ, ರಾ ಎಲ್ಲ ತಂತಿ ಮೀಟುವ ಬೆರಳಿನ ಹೊಡೆತಗಳು. ಅಲ್ಲಿ ಸಾಹಿತ್ಯ ಮಾಡುವ ಕೆಲಸವನ್ನು ಕೈ ಮಾಡುತ್ತದೆ.

ಇದೆಲ್ಲ ನನಗೆ ತಡವಾಗಿ ಅರ್ಥವಾಯಿತು. ಹಾಡಿನಲ್ಲಿ ಪಲ್ಲವಿ ಯಾಕೆ ಮತ್ತೆ ಮತ್ತೆ ಬರುತ್ತದೆ? ಹೇಳಿಕೊಳ್ಳಬೇಕಾದದ್ದು ಇನ್ನೂ ಮುಗಿದಿಲ್ಲ, ಅದಕ್ಕೆ. ಸಾಹಿತ್ಯ ತೆಗೆದುಬಿಟ್ಟರೆ ಆ ಕಾರಣವೂ ಹೋಗುತ್ತದೆ. ಆಗ ಧಾಟಿ ಮರಳಿ ಬರಲು ಬೇರೆ ಕಾರಣ ಬೇಕು, ಅದು ಸ್ವರದಲ್ಲೋ ಕಾಲದಲ್ಲೋ ಇರಬೇಕು. ಇಲ್ಲದಿದ್ದರೆ ಸುಮ್ನೆ ಸುತ್ತು ಹೊಡೆದಂತೆ ಆಗುತ್ತದೆ. ನನ್ನ ನಾಲ್ಕರಲ್ಲಿ ಎರಡಕ್ಕೆ ಆ ಕಾರಣ ಸಿಕ್ಕಿದೆ. ಒಂದು ಅಡಿಕೆಯದು, ಇನ್ನೊಂದು 'ಹೊಳೆಬಾಗಿಲು'.

ಹೊಳೆಬಾಗಿಲಿನದು ಲಾಂಚ್‌ನ ರಚನೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಾಟಿ ಸಿಗಂದೂರಿನ ಕಡೆ ಹೋಗಲು ನಾವೆಲ್ಲ ಲಾಂಚ್ ಹತ್ತುತ್ತಿದ್ದೆವು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಆ ಕಡೆಯ ಜನ ದಶಕಗಟ್ಟಲೆ ಕಾದಿದ್ದ ಸೇತುವೆ ಅದು, ಆಗಲೇಬೇಕಿತ್ತು. ನಾನು ಮಾತ್ರ ಇಂಜಿನ್ನಿನ ಗುಂಯ್ ಎನ್ನುವ ಸದ್ದನ್ನು ಹಿಡಿದಿಟ್ಟುಕೊಂಡೆ. ಅದೇ ಷಡ್ಜ (ಆಧಾರದ 'ಸ'), ಅದರ ಮೇಲೆ ಮಧ್ಯಮಾವತಿ ರಾಗ. ಲಾಂಚ್ ಆಚೆ ದಡಕ್ಕೆ ಹೋಗುವಾಗ ಧಾಟಿ ನಿಧಾನವಾಗಿ ಮೇಲಿನ ಷಡ್ಜಕ್ಕೆ ಏರುತ್ತದೆ, ಮರಳುವಾಗ ಅದೇ ದಾರಿಯಲ್ಲಿ ಇಳಿಯುತ್ತದೆ. ಲಾಂಚ್ ತಿರುಗಿ ಬರುತ್ತದೆ, ಹಾಗಾಗಿ ಧಾಟಿಯೂ ತಿರುಗಿ ಬರಬೇಕು. ಇದಕ್ಕೆ ಮಾತು ಸೇರಿಸಿದರೆ ನಾನು ಕೇಳುಗರಿಗೆ ನೀರಿನ ಕಡೆ ನೋಡಲು ಬಿಡದೆ ಪಕ್ಕದಲ್ಲಿ ನಿಂತು ವಿವರಿಸಿದ ಹಾಗಾಗುತ್ತದೆ.

ಪ್ರಶ್ನೆ: ನಿಮ್ಮ ರಚನೆಗಳಲ್ಲಿ ನಿಮಗೇ ತೃಪ್ತಿ ಕೊಡದ್ದು ಯಾವುದು? (ತುಮಕೂರಿನ ಓದುಗರು)

'ಐದು ಮನೆ'. ಅದು ಗ್ರಹಭೇದದ ಆಟ, ಅಂದರೆ ಒಂದು ರಾಗದ ಬೇರೆ ಸ್ವರವನ್ನು ಷಡ್ಜ ಅಂದುಕೊಂಡು ಹೊಸ ರಾಗ ಹುಡುಕುವುದು. ಮೋಹನ ರಾಗದ ಐದು ಸ್ವರಗಳನ್ನೇ (ಸ ರಿ ಗ ಪ ದ) ಇಟ್ಟುಕೊಂಡು ರಿಷಭವನ್ನು ಷಡ್ಜ ಅಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಅಂದುಕೊಂಡರೆ ಹಿಂದೋಳ, ಪಂಚಮವಾದರೆ ಶುದ್ಧ ಸಾವೇರಿ, ಧೈವತವಾದರೆ ಶುದ್ಧ ಧನ್ಯಾಸಿ. ಕಾಗದದ ಮೇಲೆ ಇದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ಮೊದಲ ಸಲ ಕಟ್ಟಿದಾಗ ಹಿಂದೆ ಶ್ರುತಿ ಹಿಡಿಯುವ ತಂಬೂರಿಯನ್ನು ಹಳೆಯ ಷಡ್ಜದಲ್ಲೇ ಬಿಟ್ಟಿದ್ದೆ. ತಂಬೂರಿ ಅಲುಗದಿದ್ದರೆ ಕಿವಿಯೂ ಅಲುಗುವುದಿಲ್ಲ, ಕೇಳುವವರಿಗೆ ಕೊನೆಯವರೆಗೂ ಮೋಹನವೇ. ಆಮೇಲೆ ಪ್ರತಿ ಭಾಗಕ್ಕೂ ತಂಬೂರಿ ಬದಲಿಸಿದೆ. ಈಗ ಐದು ರಾಗಗಳೇನೋ ಕೇಳುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ ಯಾಕೆ ಹೋಗುತ್ತಿದ್ದೇವೆ ಅನ್ನುವುದು ಗೊತ್ತಾಗುವುದಿಲ್ಲ. ಲೆಕ್ಕ ಸರಿಯಾಗಿದೆ ಅನ್ನುವುದನ್ನು ಬಿಟ್ಟು ಅದಕ್ಕೆ ಬೇರೆ ಕಾರಣ ಇಲ್ಲ.

ಪ್ರಶ್ನೆ: ಕೀಬೋರ್ಡ್‌ನಲ್ಲಿ ಗಮಕ (ಸ್ವರವನ್ನು ತೂಗಿಸುವುದು) ಬರುವುದಿಲ್ಲ ಎನ್ನುತ್ತಾರೆ. ನೀವು ತೋಡಿ ರಾಗವನ್ನೇ ಹೇಗೆ ಆರಿಸಿದಿರಿ? (ಮಂಡ್ಯದ ವಿದ್ಯಾರ್ಥಿನಿ)

ಆಸೆಯಿಂದ ಆರಿಸಿದೆನಮ್ಮಾ. ತೋಡಿಯ ಗಾಂಧಾರವನ್ನು ನೇರವಾಗಿ ಒತ್ತಿದರೆ ಅದು ತೋಡಿ ಅನ್ನಿಸುವುದೇ ಇಲ್ಲ. ಅದು ರಿಷಭ ಮಧ್ಯಮಗಳ ನಡುವೆ ತೂಗಬೇಕು. ಕೀಬೋರ್ಡಿನ ಎಡಕ್ಕೆ ಸ್ವರ ಬಾಗಿಸುವ ಚಕ್ರ ಇರುತ್ತದಲ್ಲ, ಅದು ಸಾಮಾನ್ಯವಾಗಿ ಎರಡು ಸ್ವರಸ್ಥಾನ ಮೇಲೆ, ಎರಡು ಕೆಳಗೆ ಹೋಗುತ್ತದೆ. ತೋಡಿಯ ಗಾಂಧಾರದಿಂದ ರಿಷಭಕ್ಕೂ ಮಧ್ಯಮಕ್ಕೂ ಸರಿಯಾಗಿ ಅಷ್ಟೇ ದೂರ! ಇದು ಆಗಿಯೇ ಆಗುತ್ತದೆ ಅಂದುಕೊಂಡೆ.

ಸ್ವರ ಸರಿಯಾಗಿಯೇ ಬಂತು, ಜೀವ ಬರಲಿಲ್ಲ. ವೀಣೆಯಲ್ಲಿ ತಂತಿ ಎಳೆದಾಗ ಸ್ವರ ಮಾತ್ರ ಏರುವುದಿಲ್ಲ, ತಂತಿ ಬಿಗಿಯಾಗುತ್ತದೆ, ನಾದದ ಬಣ್ಣವೂ ಬದಲಾಗುತ್ತದೆ, ಸದ್ದು ಕರಗುತ್ತಿರುವಾಗಲೇ ಸ್ವರ ತೂಗುತ್ತಿರುತ್ತದೆ. ಚಕ್ರ ಸ್ವರವನ್ನಷ್ಟೇ ಸರಿಸುತ್ತದೆ. ಕೊನೆಗೆ ಆ ಸಾಲನ್ನು ನನ್ನ ಪಿಟೀಲಿನಲ್ಲೇ ನುಡಿಸಿ ರೆಕಾರ್ಡ್ ಮಾಡಿದೆ. ಕೈ ಪಳಗಿಲ್ಲ, ಎರಡು ಕಡೆ ಶ್ರುತಿ ಸ್ವಲ್ಪ ಜಾರಿದೆ, ಆದರೂ ಅದು ತೋಡಿ. ಕೀಬೋರ್ಡ್ ಬೇಡ ಅನ್ನುತ್ತಿಲ್ಲ, ಮೋಹನ, ಹಂಸಧ್ವನಿಯಂಥವನ್ನು ಅದರಲ್ಲಿ ಧೈರ್ಯವಾಗಿ ಕಟ್ಟು. ತೋಡಿಯನ್ನು ಮಾತ್ರ ಮೊದಲು ಗುರುಗಳ ಬಳಿ ಬಾಯಲ್ಲಿ ಹಾಡಿ ಕಲಿ.

ಪ್ರಶ್ನೆ: ಯಾವ ಸಾಫ್ಟ್‌ವೇರ್? ಎಷ್ಟು ಖರ್ಚು? (ಮೂವರು ಕೇಳಿದ್ದಾರೆ)

ಬರೆಯಲು ಮ್ಯೂಸ್‌ಸ್ಕೋರ್, ರೆಕಾರ್ಡ್ ಮಾಡಲು ಆಡಾಸಿಟಿ. ಎರಡೂ ಉಚಿತ. ಒಂದು ಹಳೆಯ ಲ್ಯಾಪ್‌ಟಾಪ್, ಒಳ್ಳೆಯ ಹೆಡ್‌ಫೋನ್ ಇದ್ದರೆ ಶುರು ಮಾಡಬಹುದು. ದುಡ್ಡಿದ್ದರೆ ಮೊದಲು ಮೈಕ್ ತೆಗೆದುಕೊಳ್ಳಿ.

ಪ್ರಶ್ನೆ: ಮನೆಯವರು ಕೇಳುತ್ತಾರಾ? ಏನು ಹೇಳುತ್ತಾರೆ? (ಕುಂದಾಪುರದ ಓದುಗರು)

ಅಡಿಕೆಯದನ್ನು ಅಮ್ಮನಿಗೆ ಕೇಳಿಸಿದೆ. ಅಮ್ಮ ನಲವತ್ತು ವರ್ಷ ಸುಲಿದ ಕೈ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಡಬ್ಬ ಸುರಿಯುವ ಜಾಗದಲ್ಲಿ ತಲೆ ಆಡಿಸಿದ್ದು ನೋಡಿ ನನಗೆ ತುಂಬ ಖುಷಿಯಾಯಿತು. ಮುಗಿದ ಮೇಲೆ ಹೇಳಿದರು: 'ಎಲ್ಲ ಸರಿ ಇದೆ ಮಾರಾಯ. ಆದ್ರೆ ಇವರ್ಯಾರೂ ಮಾತೇ ಆಡ್ತಿಲ್ವಲ್ಲ? ಸುಲಿಯೋವಾಗ ಯಾರಾದ್ರೂ ಸುಮ್ನೆ ಕೂರ್ತಾರಾ?'

ನಾನು ಉತ್ತರ ಕೊಡಲಿಲ್ಲ. ಸಾಹಿತ್ಯ ಬೇಡ ಎಂದು ಅಷ್ಟು ಹಟ ಹಿಡಿದವನು ಜಗಲಿಯ ಮಾತನ್ನೂ ಬಿಟ್ಟುಬಿಟ್ಟಿದ್ದೆ. ಯಾರ ಮನೆಯ ಮದುವೆ, ಎಲ್ಲಿ ಯಕ್ಷಗಾನ, ಮಧ್ಯರಾತ್ರಿಯ ಚಹಾ ಯಾಕೆ ಇನ್ನೂ ಬಂದಿಲ್ಲ, ಆ ರಾತ್ರಿಗಳಲ್ಲಿ ಅರ್ಧ ಇದೇ ಇರುತ್ತಿತ್ತು.

ಈಗ ಒಂದು ಕೊಳಲು, ಒಂದು ಪಿಟೀಲು ಸೇರಿಸುತ್ತಿದ್ದೇನೆ. ಒಂದು ಶುರು ಮಾಡಿದ್ದನ್ನು ಇನ್ನೊಂದು ನಡುವೆಯೇ ಬಾಯಿ ಹಾಕಿ ತುಂಡು ಮಾಡುತ್ತದೆ, ಆಮೇಲೆ ಎರಡೂ ಒಟ್ಟಿಗೆ ನಕ್ಕ ಹಾಗೆ ಮೇಲಕ್ಕೆ ಓಡುತ್ತವೆ. ಕೆಳಗೆ 5, 7, 8 ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಮೊದಲ ಒಂದು ನಿಮಿಷ ಆಗಿದೆ. ನಿನ್ನೆ ಕೇಳಿಸಿದೆ, ಅಮ್ಮ 'ಕೊಳಲು ಯಾರು, ನಿಮ್ಮ ಅತ್ತೆಯಾ?' ಅಂದರು.