ಆಪ್ತಸಲಹೆ ಪ್ರಕರಣ: ಜಾತಕದಲ್ಲಿ ಕಂಡ ಆಲ್ಗಾಲ್, ಗಂಟಲಲ್ಲಿ ಸಿಕ್ಕಿಕೊಂಡ ದುಃಖ

(ಹೆಸರು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸಂಧ್ಯಾ, 26 ವರ್ಷ. ಊರು ಆಲೂರು ಕಡೆ, ಹಾಸನದಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಜೊತೆಗೆ ಬಂದಿದ್ದ ತಾಯಿಯೇ ಮೊದಲು ಮಾತಾಡಿದರು. "ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತೆ ಅಂತಾಳೆ ಮೇಡಂ. ಮುದ್ದೆ ಮುಟ್ಟಲ್ಲ. ಗಂಟಲಿನ ಡಾಕ್ಟರು ಪೈಪ್ ಬಿಟ್ಟು ನೋಡಿದರು, ಥೈರಾಯ್ಡ್ ಪರೀಕ್ಷೆನೂ ಆಯ್ತು. ಏನೂ ಇಲ್ಲ ಅಂದರು. ಬಂದ ಗಂಡನ್ನೆಲ್ಲ ಬೇಡ ಅಂತಿದ್ದಾಳೆ."

ತಾಯಿ ಹೊರಗೆ ಹೋದ ಮೇಲೆ ಸಂಧ್ಯಾ ಮೊಬೈಲ್ ತೆಗೆದು ತೋರಿಸಿದರು. ಪಾಶ್ಚಾತ್ಯ ಪದ್ಧತಿಯ ಜಾತಕ ಬರೆದುಕೊಡುವ ಒಂದು ಆ್ಯಪ್. ಹುಟ್ಟಿದ್ದು ಮೇ ತಿಂಗಳ ಮಧ್ಯದಲ್ಲಿ. ಸೂರ್ಯನ ಜೊತೆ ಆಲ್ಗಾಲ್ ಎಂಬ ಸ್ಥಿರ ನಕ್ಷತ್ರ ಇದೆ, ಆಕಾಶದಲ್ಲೇ ಅತಿ ಕೆಟ್ಟ ನಕ್ಷತ್ರ ಇದು, ಕತ್ತಿಗೂ ಗಂಟಲಿಗೂ ಗಂಡಾಂತರ ಅಂತ ಅದರಲ್ಲಿತ್ತು. ಪರಿಹಾರಕ್ಕೆ ಅಂತ ದುಡ್ಡೂ ಕಟ್ಟಿದ್ದರು. ಊರ ಜೋಯಿಸರು ಜಾತಕ ನೋಡಿ ಏನೂ ದೋಷ ಇಲ್ಲ ಅಂದಿದ್ದರಂತೆ. ಅದು ಇವರ ಮನಸ್ಸಿಗೆ ನಾಟಿರಲಿಲ್ಲ.

ಭವಿಷ್ಯ ಓದುವವರು ಬಹಳ ಜನ. ಓದಿ ಮರೆಯುತ್ತಾರೆ. ಇವರಿಗೆ ಯಾಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿತು? ನಾನು ನಕ್ಷತ್ರದ ವಿಚಾರ ಪಕ್ಕಕ್ಕಿಟ್ಟು ಕೇಳಿದೆ: "ಮನೆಯಲ್ಲಿ ಯಾರಿಗಾದರೂ ಗಂಟಲಿನ ತೊಂದರೆ ಇತ್ತಾ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅಪ್ಪನ ವಿಷಯ ಬಂತು.

ಅಪ್ಪನಿಗೆ ಗಂಟಲಿನ ಕ್ಯಾನ್ಸರ್. ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಕೊನೆಯ ತಿಂಗಳುಗಳಲ್ಲಿ ಊಟ ಎಲ್ಲ ಮೂಗಿನ ಪೈಪಿನಲ್ಲೇ. ರಾಗಿ ಗಂಜಿ ತೆಳ್ಳಗೆ ಕಾಯಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿದ ಮೇಲೆ ಸಿರಿಂಜಿನಲ್ಲಿ ತುಂಬಿ ನಿಧಾನವಾಗಿ ಬಿಡುವುದು. ಒಂದು ಚರಟ ಉಳಿದರೂ ಪೈಪ್ ಕಟ್ಟಿಕೊಳ್ಳುತ್ತಿತ್ತು. ತಾಯಿಗೆ ಕೈ ನಡುಗುತ್ತಿತ್ತು, ಹಾಗಾಗಿ ಅದೆಲ್ಲ ಸಂಧ್ಯಾ ಪಾಲಿಗೆ. ಅಪ್ಪ ಹೋದ ದಿನ ಆಫೀಸಿನಲ್ಲಿ ಆಡಿಟ್. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸೂರ್ಯ ಅಂದರೆ ಪಿತೃಕಾರಕ ಅಲ್ವಾ ಮೇಡಂ? ನನ್ನ ಸೂರ್ಯನಿಗೇ ಕತ್ತಿನ ಗಂಡಾಂತರ. ಅಂದಮೇಲೆ ಅಪ್ಪನಿಗೆ ಬಂದಿದ್ದು ನನ್ನಿಂದಲೇ ತಾನೆ?"

ಇಷ್ಟು ದಿನ ಗಂಟಲಲ್ಲಿ ಕೂತಿದ್ದು ಈ ಪ್ರಶ್ನೆ. ಮೂವತ್ತು ವರ್ಷ ಬೀಡಿ ಸೇದಿದ್ದೇ ಕಾರಣ ಇರಬೇಕು ಅಂತ ಡಾಕ್ಟರು ಹೇಳಿದ್ದು ಇವರಿಗೆ ಗೊತ್ತು. ಆದರೆ ಬೀಡಿಯ ಮೇಲೆ ಹೊರಿಸಿದರೆ ಅಪ್ಪನ ತಪ್ಪು ಅಂದ ಹಾಗಾಗುತ್ತೆ. ತನ್ನ ಮೇಲೆ ಎಳೆದುಕೊಂಡರೆ ಅಪ್ಪ ಉಳಿಯುತ್ತಾರೆ. ಹತ್ತಿರದವರನ್ನು ಆರೈಕೆ ಮಾಡಿದ ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ.

ನಂಬಿಕೆಯ ಜೊತೆ ವಾದಕ್ಕಿಳಿಯುವುದು ನನ್ನ ರೂಢಿಯಲ್ಲ. ಆದರೆ ಮುಂದಿನ ಭೇಟಿಯಲ್ಲಿ ಅವರೇ "ಆ ನಕ್ಷತ್ರ ನಿಜಕ್ಕೂ ಕೆಟ್ಟದ್ದಾ?" ಅಂತ ಕೇಳಿದರು. ಕೇಳಿದ ಮೇಲೆ ಗೊತ್ತಿರುವುದನ್ನು ಹೇಳಲೇಬೇಕು.

ಆಲ್ಗಾಲ್ ಇರುವುದು ಕನ್ನಡದಲ್ಲಿ ಪಾರ್ಥ ಅಂತ ಕರೆಯುವ ನಕ್ಷತ್ರಪುಂಜದಲ್ಲಿ. ಗ್ರೀಕರು ಅಲ್ಲಿ ಪರ್ಸಿಯಸ್ ಎಂಬ ವೀರ, ಮೆಡೂಸಾ ಎಂಬ ರಾಕ್ಷಸಿಯ ಕಡಿದ ತಲೆ ಹಿಡಿದು ನಿಂತ ಹಾಗೆ ಕಲ್ಪಿಸಿಕೊಂಡರು. ಆ ತಲೆಯ ಜಾಗದಲ್ಲಿರುವ ನಕ್ಷತ್ರ ಇದು. ಕತ್ತಿನ ಗಂಡಾಂತರ ಅನ್ನುವ ಫಲ ಹುಟ್ಟಿದ್ದು ಆ ಕಥೆಯಿಂದ. 16ನೇ ಶತಮಾನದ ಯೂರೋಪಿನಲ್ಲಿ ಇದೇ ನಕ್ಷತ್ರದ ಹೆಸರಲ್ಲಿ ತಾಯತ ಕಟ್ಟಿಕೊಂಡರೆ ಧೈರ್ಯ ಬರುತ್ತೆ, ಮೈಕೈ ಕಾಪಾಡುತ್ತೆ ಅಂತಲೂ ಬರೆದಿಟ್ಟಿದ್ದಾರೆ. ಆ್ಯಪ್‌ನಲ್ಲಿ ಆ ಮಾತು ಇರಲಿಲ್ಲ.

ಇದರ ಬೆಳಕು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿದು ಮತ್ತೆ ಏರುತ್ತೆ. ಕಣ್ಣಿಗೆ ಒಂದೇ ಅನ್ನಿಸಿದರೂ ಅದು ಒಂದೇ ನಕ್ಷತ್ರ ಅಲ್ಲ; ಒಂದನ್ನೊಂದು ಸುತ್ತುವ ನಕ್ಷತ್ರಗಳಲ್ಲಿ ಮಂಕಾದದ್ದು ಪ್ರಕಾಶಮಾನವಾದದ್ದಕ್ಕೆ ಅಡ್ಡ ಬರುತ್ತೆ, ಗ್ರಹಣದ ಹಾಗೆ. ಏನೋ ಅಡ್ಡ ಬಂದು ಹೀಗಾಗುತ್ತಿರಬಹುದು ಅಂತ 1783ರಲ್ಲಿ ಹೇಳಿದವನು ಜಾನ್ ಗುಡ್‌ರಿಕ್. ಕಿವಿ ಕೇಳಿಸದ, 18 ವರ್ಷದ ಹುಡುಗ. ನಕ್ಷತ್ರ ಇರುವುದು ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರ. ಸೂರ್ಯನ ದಾರಿಯಿಂದಲೂ ಸುಮಾರು 22 ಡಿಗ್ರಿ ಉತ್ತರಕ್ಕಿದೆ. ಸೂರ್ಯ ಅದರ ಪಕ್ಕ ಹೋಗುವುದೇ ಇಲ್ಲ. ರೇಖಾಂಶದ ಲೆಕ್ಕ, ಅಂದರೆ ಸೂರ್ಯನ ದಾರಿಯುದ್ದಕ್ಕೂ ಅಳೆಯುವ ಡಿಗ್ರಿ, ಕೂಡುತ್ತೆ, ಅಷ್ಟೇ. ಆ ಲೆಕ್ಕ ಪ್ರತಿ ವರ್ಷ ಮೇ 16-17ರ ಸುಮಾರಿಗೆ ಕೂಡುತ್ತೆ, ಆ ದಿನ ಹುಟ್ಟಿದ ಅಷ್ಟೂ ಮಕ್ಕಳಿಗೆ.

ನಮ್ಮ ಪಂಚಾಂಗ ನಿರಯನ ಪದ್ಧತಿಯದು, ರಾಶಿಯನ್ನು ನಕ್ಷತ್ರಗಳನ್ನು ಹಿಡಿದು ಅಳೆಯುತ್ತೆ. ಆ್ಯಪ್ ಸಾಯನ ಪದ್ಧತಿಯದು, ಹಗಲು ರಾತ್ರಿ ಸಮ ಇರುವಾಗ ಸೂರ್ಯ ಇರುವ ಬಿಂದುವಿನಿಂದ ಅಳೆಯುತ್ತೆ. ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ. ಪಿತೃಕಾರಕನನ್ನು ಇಲ್ಲಿಂದ ತೆಗೆದು, ಮೆಡೂಸಾಳನ್ನು ಅಲ್ಲಿಂದ ತಂದು ಜೋಡಿಸಿದ್ದು ಸಂಧ್ಯಾ ಅವರೇ. ನಮ್ಮ ಲೆಕ್ಕದಲ್ಲಿ ಆ ಹೊತ್ತಿಗೆ ಸೂರ್ಯ ಕೃತ್ತಿಕೆಯಲ್ಲಿರುತ್ತಾನೆ. "ಕೃತ್ತಿಕೆ ಮಳೆ!" ಅಂದರು. ಅಪ್ಪ ಆಲೂಗೆಡ್ಡೆ ಬಿತ್ತನೆಗೆ ಕಾಯುತ್ತಿದ್ದದ್ದು ಅದೇ ಮಳೆಗಂತೆ. ಅಪ್ಪನ ಕಾಯಿಲೆ ಬಿಟ್ಟು ಬೇರೆ ಮಾತು ಅವರ ಬಾಯಲ್ಲಿ ಬಂದಿದ್ದು ಆಗಲೇ ಮೊದಲು.

ಇಷ್ಟು ತಿಳಿದ ಮಾತ್ರಕ್ಕೆ ಭಯ ಹೋಗಲಿಲ್ಲ, ಹೋಗುವುದೂ ಇಲ್ಲ. ಅವರು ದಿನಕ್ಕೆ ಎಷ್ಟೋ ಸಲ ಸುಮ್ನೆ ಎಂಜಲು ನುಂಗಿ ಗಂಟಲು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಬರೀ ಗಂಟಲಲ್ಲಿ ಹಾಗೆ ನುಂಗುತ್ತಾ ಇದ್ದರೆ ಬಿಗಿತ ಇನ್ನೂ ಜಾಸ್ತಿ ಆಗುತ್ತೆ. ಆಗ ಮೊಬೈಲ್ ನೋಡುವುದು, ಯಾರನ್ನಾದರೂ ಕೇಳುವುದು, ಸ್ವಲ್ಪ ಸಮಾಧಾನ, ಮತ್ತೆ ಸಂಶಯ. ಈ ಸುತ್ತನ್ನು ಮುರಿಯುವುದು ಮುಖ್ಯ. ಆ್ಯಪ್ ತೆಗೆದುಹಾಕಿ ಅಂದೆ. ನುಂಗಿ ನೋಡಬೇಕು ಅನ್ನಿಸಿದಾಗ ಒಂದು ಗುಟುಕು ನೀರು ಕುಡಿದು, ಕೈಯಲ್ಲಿದ್ದ ಕೆಲಸಕ್ಕೆ ಮರಳಬೇಕು. ಚಿಂತೆಗೆ ಸಂಜೆ 20 ನಿಮಿಷ ಮೀಸಲು. ಬೇರೆ ಹೊತ್ತಲ್ಲಿ ಬಂದರೆ ಒಂದು ಸಾಲು ಬರೆದಿಟ್ಟು ಸಂಜೆಗೆ ಮುಂದೂಡುವುದು. ಮುದ್ದೆ ಬಿಡುವುದು ಬೇಡ, ಚಿಕ್ಕ ಚಿಕ್ಕ ತುತ್ತಿನಿಂದ ಶುರು ಮಾಡಿ ಅಂದೆ.

ಅಪ್ಪನಿಗೆ ಒಂದು ಕಾಗದ ಬರೆಯಲು ಹೇಳಿದೆ, ಆಡಿಟ್ ದಿನದ ಬಗ್ಗೆ. ಅದನ್ನು ನನ್ನೆದುರು ಓದುವಾಗ ಅವರು ಜೋರಾಗಿ ಅತ್ತರು. ಅಪ್ಪ ಹೋದಮೇಲೆ ಹಾಗೆ ಅತ್ತೇ ಇರಲಿಲ್ಲವಂತೆ.

ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. "ಏನೂ ಆಗಲ್ಲ ಬಿಡು" ಅನ್ನುವ ಬದಲು "ಅಪ್ಪನ ನೆನಪಾಯ್ತಾ?" ಅಂತ ಕೇಳಿ ಅಂದೆ. ವರ್ಷದೊಳಗೆ ಮದುವೆ ಮುಗಿಸಿಬಿಡಿ ಅಂತ ನೆಂಟರ ಒತ್ತಾಯ ಇತ್ತು. ದುಃಖ ಮಾತಾಗುವ ಮೊದಲೇ ಚಪ್ಪರ ಹಾಕಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ. ತಾಯಿ ಒಪ್ಪಿದರು, ಸೋದರಮಾವ ಇನ್ನೂ ಒಪ್ಪಿಲ್ಲ.

ಓದುವವರಿಗೆ ಒಂದು ಮಾತು: ಗಂಟಲು ಕಟ್ಟಿದ ಹಾಗಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಊಟ ನಿಜಕ್ಕೂ ಇಳಿಯದಿದ್ದರೆ, ತೂಕ ಇಳಿದರೆ, ಮೂರು ವಾರ ದಾಟಿದರೂ ದನಿ ಒಡೆದೇ ಇದ್ದರೆ ತಡ ಮಾಡಬೇಡಿ. ಮನಸ್ಸಿನ ಭಾರಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಸಂಧ್ಯಾ ಈಗ ಮುದ್ದೆ ಊಟ ಮಾಡುತ್ತಿದ್ದಾರೆ. ಕೆಲವು ರಾತ್ರಿ ಗಂಟಲು ಇನ್ನೂ ಬಿಗಿಯುತ್ತದೆ. ಅಪ್ಪನ ವರ್ಷದ ತಿಥಿ ಹತ್ತಿರ ಬರುತ್ತಿದೆ, ಆಗ ಭಾರ ಜಾಸ್ತಿ ಆಗಬಹುದು. ಅದಕ್ಕೆ ತಿಥಿಯ ಹಿಂದಿನ ವಾರವೇ ಒಂದು ಭೇಟಿ ಇಟ್ಟುಕೊಂಡಿದ್ದೇವೆ. ತಾಯಿಯೂ ಬರುತ್ತಾರೆ.