ಬೆಳಿಗ್ಗೆ ಒಂದು ತೂಕ, ರಾತ್ರಿ ಇನ್ನೊಂದು!

ಪ್ರಶ್ನೆ: ತೂಕ ಇಳಿಸಲು ದಿನಾ ವಾಕಿಂಗ್ ಮಾಡುತ್ತೇನೆ, ಅನ್ನ ಕಡಿಮೆ ಮಾಡಿದ್ದೇನೆ. ದಿನಕ್ಕೆ ಮೂರು ಸಲ ತೂಕ ನೋಡಿದರೆ ಒಂದೂವರೆ ಕಿಲೋ ಏರುಪೇರು. ಯಾವುದನ್ನು ನಂಬಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮೂರು ಸಲ ಬೇಡವೇ ಬೇಡ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಚಹಾಕ್ಕೂ ಮೊದಲು, ಹಗುರ ಬಟ್ಟೆಯಲ್ಲಿ ಒಮ್ಮೆ ನೋಡಿ ಬರೆದಿಡಿ. ಏಳು ದಿನದ್ದು ಕೂಡಿಸಿ 7ರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಚೆನ್ನಾಗಿಯೇ ನಡೆದಿದೆ.

ಈ ಏರುಪೇರು ಬಹುಪಾಲು ನೀರು ಮತ್ತು ಹೊಟ್ಟೆಯಲ್ಲಿರುವ ಊಟದ್ದು. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರೆ ಅದರ ಉಪ್ಪು ನೀರನ್ನು ಹಿಡಿದಿಡುತ್ತದೆ; ಮರುದಿನ ಮುಳ್ಳು ಮೇಲೇರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗೇ. ನಮ್ಮ ರಾಯಚೂರು ಬಿಸಿಲಲ್ಲಿ ಬೆವರು ಸುರಿದು ಒಂದು ಕಿಲೋ ಇಳಿದರೆ ಹಿಗ್ಗಬೇಡಿ, ನೀರು ಕುಡಿದೊಡನೆ ವಾಪಸ್! ಅದು ಕೊಬ್ಬಲ್ಲ.

ಮಷಿನ್ ಕೆಳಗಿನ ನೆಲವನ್ನೂ ನೋಡಿ. ಹಾಸುಗಲ್ಲಿನ ಸಂದಿಯ ಮೇಲಿಟ್ಟರೆ ಒಂದು ಕಾಲು ಅಲುಗಿ ಲೆಕ್ಕ ತಪ್ಪುತ್ತದೆ. ಒಂದೇ ಕಲ್ಲಿನ ಮೇಲೆ ನಾಲ್ಕೂ ಕಾಲು ಕೂರಲಿ. ಚಾಪೆ ಮೇಲಂತೂ ಬೇಡ.

ದಿನಾ ನೋಡಿ ಮನಸ್ಸು ಕೆಡುವುದಾದರೆ ವಾರಕ್ಕೊಮ್ಮೆ ಸಾಕು, ಸೋಮವಾರವಾದರೆ ಪ್ರತಿ ಸಲ ಸೋಮವಾರವೇ. ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪಿನಿಂದ ಸೊಂಟವನ್ನೂ ಅಳೆಯಿರಿ. ನಾಲ್ಕು ವಾರವಾದರೂ ಎರಡೂ ಅಲುಗದಿದ್ದರೆ ಊಟದ ಎಣ್ಣೆ, ಸಕ್ಕರೆ ಕಡೆ ಕಣ್ಣು ಹಾಯಿಸಿ.