ನಡೆದಾಡುವ ಬೀದಿಯಲ್ಲಿ ಗಾಡಿಗೆಷ್ಟು ಜಾಗ, ಗೂಡಂಗಡಿಗೆಷ್ಟು?

ಪ್ರಶ್ನೆ: ತುಮಕೂರಿನ ಎಂ.ಜಿ. ರಸ್ತೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಸಂಜೆಯ ವೇಳೆ ವಾಹನಗಳನ್ನು ತಡೆದು ರಸ್ತೆಯನ್ನು ನಡೆದಾಡುವವರಿಗೆ ಬಿಟ್ಟುಕೊಡಬೇಕೆಂದು ನಾವು ಕೆಲವು ವರ್ತಕರು ಪಾಲಿಕೆಗೆ ಮನವಿ ಸಲ್ಲಿಸಬೇಕೆಂದಿದ್ದೇವೆ. ಆದರೆ ವಾಹನಗಳು ಬಿಟ್ಟುಹೋದ ಜಾಗವನ್ನು ತಳ್ಳುಗಾಡಿಗಳು, ಗೂಡಂಗಡಿಗಳು ತುಂಬಿಕೊಳ್ಳುತ್ತವೆ ಎಂಬ ಅಂಜಿಕೆ ಇದೆ. ಇಡೀ ರಸ್ತೆಯನ್ನು ವ್ಯಾಪಾರ ನಿಷೇಧಿತ ವಲಯವೆಂದು ಘೋಷಿಸುವಂತೆ ಅದೇ ಮನವಿಯಲ್ಲಿ ಕೇಳಬಹುದೇ?

ಉತ್ತರ: ಕೇಳುವುದಕ್ಕೆ ಅಡ್ಡಿಯಿಲ್ಲ, ಆದರೆ ಜನದಟ್ಟಣೆಯೊಂದನ್ನೇ ಕಾರಣವಾಗಿ ಕೊಟ್ಟರೆ ಆ ಬೇಡಿಕೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಮೊದಲ ಅನುಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದಟ್ಟಣೆ ಹೆಚ್ಚಿದೆ ಎಂಬ ಕಾರಣಕ್ಕೆ ಯಾವ ಪ್ರದೇಶವನ್ನೂ ನಿಷೇಧಿತ ವಲಯವಾಗಿಸುವಂತಿಲ್ಲ, ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಗುರುತಿಸಿದ ಸಹಜ ಮಾರುಕಟ್ಟೆಯನ್ನು, ಅಂದರೆ ಕೊಳ್ಳುವವರೂ ಮಾರುವವರೂ ರೂಢಿಯಿಂದ ಸೇರುತ್ತ ಬಂದ ಜಾಗವನ್ನು, ಹಾಗೆ ಘೋಷಿಸುವಂತಿಲ್ಲ, ಕಸ ಮತ್ತು ನೈರ್ಮಲ್ಯದ ತೊಂದರೆಯು ಕೇವಲ ಬೀದಿ ವ್ಯಾಪಾರಿಗಳಿಂದಲೇ ಉಂಟಾಗಿದ್ದು ಪೌರಾಡಳಿತದ ಬೇರಾವ ಕ್ರಮದಿಂದಲೂ ಪರಿಹಾರವಾಗದ ಹೊರತು ಅದೂ ಕಾರಣವಾಗದು. ಆದರೆ ಅದೇ ಅನುಸೂಚಿಯಲ್ಲಿ ನಿಮ್ಮ ಅಂಜಿಕೆಗೂ ಉತ್ತರವಿದೆ: ದಟ್ಟಣೆಯಿರುವ ಕಡೆ, ಸಮೀಕ್ಷೆಯಲ್ಲಿ ಆ ಪ್ರದೇಶದ ವ್ಯಾಪಾರಿಗಳೆಂದು ಗುರುತಾಗದವರಿಗೆ ಹೊಸದಾಗಿ ಬೀದಿ ವ್ಯಾಪಾರದ ಪ್ರಮಾಣಪತ್ರ ನೀಡುವುದನ್ನು ನಿರ್ಬಂಧಿಸಬಹುದು. ಆದ್ದರಿಂದ ನಿಮ್ಮ ಮನವಿಯಲ್ಲಿ 'ನಿಷೇಧಿತ' ಎಂಬಲ್ಲಿ 'ನಿರ್ಬಂಧಿತ ವಲಯ' ಎಂದು ಬರೆಯುವುದು ಹೆಚ್ಚು ಪ್ರಯೋಜನಕಾರಿ.

ನಿರ್ಬಂಧವನ್ನು ಎಲ್ಲಿಂದ ಆರಂಭಿಸಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ವಿಚಿತ್ರವೆನಿಸಬಹುದು. ವಾಹನವಿಲ್ಲದ ಬೀದಿಗೆ ತೊಡಕಾಗುವುದು ತಳ್ಳುಗಾಡಿಗಿಂತ ಹೆಚ್ಚಾಗಿ ಗೂಡಂಗಡಿ. ಗಾಡಿ ರಾತ್ರಿ ಮನೆಗೆ ಹೋಗುತ್ತದೆ. ಮರುದಿನ ಅದು ಎಲ್ಲಿ ನಿಲ್ಲಬೇಕೆಂಬುದನ್ನು ಬದಲಿಸಬಹುದು. ತಗಡಿನ ಪೆಟ್ಟಿಗೆ ಅಂಗಡಿಯು ಒಮ್ಮೆ ಚರಂಡಿಯ ಚಪ್ಪಡಿಯ ಮೇಲೆ ಕುಳಿತರೆ, ಮೊದಲು ಅದಕ್ಕೊಂದು ದೀಪ ಬರುತ್ತದೆ, ಬಳಿಕ ಮುಂದೊಂದು ತಗಡಿನ ಚಾಚು, ಆಮೇಲೆ ಮೂಲ ವ್ಯಾಪಾರಿ ಮರೆಯಾಗಿ ಬಾಡಿಗೆದಾರನೊಬ್ಬ ಕಾಣಿಸಿಕೊಳ್ಳುತ್ತಾನೆ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಾಗಲಿ ಬೇರೆಯವರಿಗೆ ವರ್ಗಾಯಿಸುವುದಾಗಲಿ ಕಾಯ್ದೆಯಡಿ ಸಲ್ಲದು. ವ್ಯಾಪಾರಿ ಸ್ವತಃ ಅಥವಾ ಕುಟುಂಬದವರ ಮೂಲಕ ವ್ಯಾಪಾರ ನಡೆಸಬೇಕು. ಹಾಗಾಗಿ ಇಂಥ ರಸ್ತೆಯಲ್ಲಿ ಹೊಸ ಗೂಡಂಗಡಿಗೆ ಅವಕಾಶ ಕೊಡದೆ, ಈಗಿರುವವರಿಗೂ ಚಕ್ರವಿರುವ, ರಾತ್ರಿ ತೆರವುಗೊಳಿಸಬಹುದಾದ ಗಾಡಿಯನ್ನೇ ಬಳಸುವ ಷರತ್ತು ವಿಧಿಸುವುದು ಒಳ್ಳೆಯದು. ಗಾಡಿ ನಿಲ್ಲಿಸಿಕೊಳ್ಳಲು ಹತ್ತಿರದಲ್ಲೇ ಒಂದು ಜಾಗವನ್ನು ಪಾಲಿಕೆ ಒದಗಿಸದಿದ್ದರೆ ಮಾತ್ರ ಈ ಷರತ್ತು ಕಾಗದದಲ್ಲೇ ಉಳಿಯುತ್ತದೆ.

ಎಷ್ಟು ಗಾಡಿ ಎಂಬುದನ್ನು ರಸ್ತೆಯ ಅಳತೆ ಹೇಳಬೇಕು. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಯಾವ ಅಡೆತಡೆಯೂ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು; ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್. ಮೊದಲು ಈ ಅಗಲವನ್ನೂ, ಅಗ್ನಿಶಾಮಕ ವಾಹನ ಹಾಗೂ ಆಂಬುಲೆನ್ಸ್ ಸಾಗುವ ದಾರಿಯನ್ನೂ, ತಿರುವುಗಳನ್ನೂ ಬಣ್ಣದ ಗೆರೆ ಎಳೆದು ಬಿಟ್ಟು, ಉಳಿದ ಜಾಗದಲ್ಲಿ ಗಾಡಿಗಳಿಗೆ ಅಂಕಿ ಹಾಕಬೇಕು. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಒಲೆ, ಸಿಲಿಂಡರ್ ಇಟ್ಟು ಕರಿಯುವ ಗಾಡಿಗಳು ಬೇಡ. ಅವಕ್ಕೆ ರಸ್ತೆಯ ತುದಿಯಲ್ಲಿ, ನೀರು ಮತ್ತು ಕಸದ ವ್ಯವಸ್ಥೆ ಇರುವ ಕಡೆ ಒಂದೆಡೆ ಜಾಗ ಕೊಡಬಹುದು. ಸರದಿಯ ಮೇಲೆ ಒಂದೇ ಜಾಗವನ್ನು ಹಂಚಿಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿರುವುದರಿಂದ, ಬೆಳಿಗ್ಗೆ ಹೂವು ಮಾರಿದ ಜಾಗದಲ್ಲೇ ಸಂಜೆ ಬೇರೊಬ್ಬರು ಹಣ್ಣು ಮಾರಬಹುದು. ವರಮಹಾಲಕ್ಷ್ಮಿ ವ್ರತ, ಗೌರಿ ಗಣೇಶ, ಆಯುಧಪೂಜೆಗಳ ಹಿಂದಿನ ದಿನಗಳಲ್ಲಿ ಬಾಳೆಕಂದು, ಬೂದುಗುಂಬಳ ತರುವ ಹಳ್ಳಿಯವರನ್ನು ಯಾವ ಗೆರೆಯೂ ತಡೆಯಲಾರದು. ಅವರಿಗೆ ಯಾವ ಮೈದಾನ, ಎಷ್ಟು ದಿನ ಎಂಬುದನ್ನು ಮೊದಲೇ ಪ್ರಕಟಿಸುವುದೊಂದೇ ದಾರಿ.

ಕಾಯ್ದೆಯಲ್ಲಿರುವ ಶೇ. 2.5ರ ಮಿತಿಯನ್ನು ಕೆಲವರು ತಪ್ಪಾಗಿ ಹೇಳುತ್ತಾರೆ. ಸಮೀಕ್ಷೆಯಲ್ಲಿ ಗುರುತಾದ ವ್ಯಾಪಾರಿಗಳಿಗೆ, ವಾರ್ಡ್, ವಲಯ ಅಥವಾ ನಗರದ ಜನಸಂಖ್ಯೆಯ ಶೇ. 2.5ರ ಮಿತಿಗೆ ಒಳಪಟ್ಟು, ಸ್ಥಳಾವಕಾಶ ಕಲ್ಪಿಸಬೇಕೆಂಬುದು ಅದರ ಅರ್ಥ. ಮೂರು ಲಕ್ಷ ಜನಸಂಖ್ಯೆಗೆ ಅದು 7,500 ಆಗುತ್ತದೆ. ಅದನ್ನು ಒಂದೇ ರಸ್ತೆಗೆ ಅನ್ವಯಿಸಿ ಲೆಕ್ಕ ಹಾಕುವಂತಿಲ್ಲ.

ಈ ಎಲ್ಲವನ್ನೂ ಚರ್ಚಿಸಬೇಕಾದ ವೇದಿಕೆ, ಇದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದವರಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ವರ್ತಕರ ಸಂಘವೂ ಅಲ್ಲಿಗೆ ಅಹವಾಲು ಒಯ್ಯಬಹುದು. ಒಯ್ಯುವ ಮೊದಲು, ಬೇಸರಪಡದೆ, ನಿಮ್ಮ ಸಾಲಿನ ಅಂಗಡಿಗಳನ್ನೂ ಒಮ್ಮೆ ಅಳೆದು ನೋಡಿ. ಮೆಟ್ಟಿಲು, ಬೊಂಬೆ, ರಿಯಾಯಿತಿಯ ಬಟ್ಟೆ ಹರಡಿದ ಮೇಜು ಎಷ್ಟು ಅಡಿ ಹೊರಬಂದಿವೆ, ಅಂಗಡಿಯ ಮುಂದಿನ ಸಾರ್ವಜನಿಕ ಜಾಗಕ್ಕೆ ಗಾಡಿಯವರಿಂದ ತಿಂಗಳ ಬಾಡಿಗೆ ಪಡೆಯುವವರು ಎಷ್ಟು ಮಂದಿ ಎಂಬುದು ಸಮಿತಿಯ ವ್ಯಾಪಾರಿ ಸದಸ್ಯರಿಗೆ ಚೆನ್ನಾಗಿ ತಿಳಿದಿರುತ್ತದೆ.

ಪ್ರಶ್ನೆ: ಪೇಟೆಯ ರಸ್ತೆ ಬದಿಯಲ್ಲಿ ಹದಿನೆಂಟು ವರ್ಷದಿಂದ ಹೂವು ಮಾರುತ್ತಿದ್ದೇನೆ. ಪ್ರಮಾಣಪತ್ರ ಇಲ್ಲ. ರಸ್ತೆ ಚೆಂದ ಮಾಡುತ್ತೇವೆಂದು ನನ್ನನ್ನು ಏಕಾಏಕಿ ಎಬ್ಬಿಸಬಹುದೇ?

ಉತ್ತರ: ಇಲ್ಲಮ್ಮ. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಿಸುವವರೆಗೆ ಈಗಾಗಲೇ ಇರುವ ವ್ಯಾಪಾರಿಗಳನ್ನು ತೆರವುಗೊಳಿಸುವಂತಿಲ್ಲ. ಆ ಬಳಿಕ ಸ್ಥಳಾಂತರಿಸಬೇಕಾದರೂ 30 ದಿನಗಳ ನೋಟಿಸ್ ನೀಡಬೇಕು. ಆದರೆ ಅದೇ ಜಾಗ ಸದಾ ನಿಮ್ಮದೇ ಎಂದು ತಿಳಿಯಬೇಡಿ: ಬೀದಿ ವ್ಯಾಪಾರವು ಸಂವಿಧಾನದತ್ತ ಹಕ್ಕಾದರೂ ಇಂಥದೇ ಸ್ಥಳ ಬೇಕೆನ್ನುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಸರಕನ್ನು ವಶಪಡಿಸಿಕೊಂಡರೆ ಅದರ ಪಟ್ಟಿಗೆ ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಹೂವಿನಂತೆ ಬಾಡುವ ಸರಕನ್ನು, ನೀವು ಕೇಳಿದ ದಿನವೇ, ನಿಗದಿತ ಶುಲ್ಕ ಪಡೆದು ಹಿಂದಿರುಗಿಸಬೇಕು. ಸಮೀಕ್ಷೆಯವರು ಬಂದ ದಿನ ಜಾಗದಲ್ಲಿ ನೀವೇ ಇರಿ. ಹಳೆಯ ನೆಲಸುಂಕದ ರಸೀದಿಗಳಿದ್ದರೆ ಅವುಗಳ ಜೊತೆ ಆಧಾರ್ ಪ್ರತಿಯನ್ನೂ ಕೈಯಲ್ಲಿಟ್ಟುಕೊಳ್ಳಿ.